ಅತ್ತೆಯ ಹೆಗಲ ಮೇಲಿನ ಪಾದಗಳು

"ಪೋಸ್ಟರ್ ತಾನೇ? ಸುತ್ತಿಬಿಡಿ ಸಾರ್. ಸುತ್ತಿ ಒಂದು ಕೊಳವೆಗೆ ಹಾಕಿ ಕೊಟ್ರೆ ನಾಳೆನೇ ಹೊರಡುತ್ತೆ."

ಪಾರ್ಸೆಲ್ ಆಫೀಸಿನವನು ತಲೆ ಎತ್ತದೆ ಇಷ್ಟು ಹೇಳಿ, ಹಿಂದಿನವರ ಮೂಟೆಯನ್ನು ತಕ್ಕಡಿಯ ಮೇಲೆ ಎಳೆದುಕೊಂಡ. ನಮ್ಮವರು ಬಾಯಿ ತೆರೆಯುವ ಮೊದಲೇ ಗೋಡೆ ಪಕ್ಕದ ಬೆಂಚಿನಿಂದ ಅತ್ತೆಯ ದನಿ ಬಂತು.

"ನಿನ್ನನ್ನ ಸುತ್ತಿ ಕೊಳವೆಗೆ ಹಾಕಿದ್ರೆ, ಆಚೆ ತೆಗೆದ ಮೇಲೆ ನೆಟ್ಟಗೆ ನಿಲ್ತೀಯೇನಪ್ಪಾ?"

ಈಗ ಅವನು ತಲೆ ಎತ್ತಿದ. ಕೋಲಿನ ಮೇಲೆ ಎರಡೂ ಕೈ, ಕೈಗಳ ಮೇಲೆ ಗದ್ದ ಇಟ್ಟುಕೊಂಡು ಕೂತಿದ್ದ ಮುದುಕಿಯನ್ನು ನೋಡಿ ನಕ್ಕ. ನಮ್ಮವರು ಸಮಾಧಾನವಾಗಿ ವಿವರಿಸಿದರು. ಇದು ಕಾಗದವಲ್ಲ, ದಪ್ಪ ರಟ್ಟು. ಅವನಿಗಿಂತ ವಯಸ್ಸಾದ ರಟ್ಟು. ಸುತ್ತಲು ಹೋದರೆ ಒಣಗಿದ ಎಲೆ ಮುರಿದ ಹಾಗೆ ಮುರಿಯುತ್ತದೆ, ಮುರಿದ ಕಡೆಯಿಂದ ಬಣ್ಣ ಪದರುಪದರಾಗಿ ಏಳುತ್ತದೆ. ಮುರಿದ ಮೇಲೆ ಅಂಟು ಹಾಕಿದರೂ ಗೆರೆ ಹೋಗುವುದಿಲ್ಲ.

ಎಷ್ಟು ದೊಡ್ಡದು ಎಂದು ಅವನು ಕೇಳಿದ. ಅಳತೆಗೆಂದೇ ಹಳೆಯ ಪತ್ರಿಕೆಗಳನ್ನು ಅಂಟಿಸಿಕೊಂಡು ಬಂದಿದ್ದರು ನಮ್ಮವರು. ಬಿಚ್ಚಿ ಎದೆಗೆ ಹಿಡಿದುಕೊಂಡರು. ಕತ್ತಿನಿಂದ ಮೊಣಕಾಲಿನ ಕೆಳಗಿನವರೆಗೆ ಮನುಷ್ಯ ಕಾಣದಾದ.

"ಇದು ಪಾರ್ಸೆಲ್ ಅಲ್ಲ ಸಾರ್, ಬಾಗಿಲು" ಎಂದ ಆಫೀಸಿನವನು. ತಗೊಂಡು ಹೋಗುವುದಕ್ಕೆ ಅಡ್ಡಿಯಿಲ್ಲ, ಆದರೆ ಕಟ್ಟುವುದು ನಿಮ್ಮ ಜವಾಬ್ದಾರಿ, ಮುರಿದರೆ ನಮ್ಮನ್ನು ಕೇಳಬಾರದು ಎಂದೂ ಸೇರಿಸಿದ. ಮನೆಗೆ ಬರುವ ದಾರಿಯಲ್ಲಿ ಅತ್ತೆ ಒಂದು ಮಾತೂ ಆಡಲಿಲ್ಲ. ಬೈಯುತ್ತಿದ್ದರೆ ನಮ್ಮತ್ತೆ ಚೆನ್ನಾಗಿದ್ದಾರೆ ಎಂದು ಅರ್ಥ. ಸುಮ್ಮನಾದರೆ ಏನೋ ಚಿಂತೆ ಹತ್ತಿದೆ ಎಂದು.

ಆ ರಟ್ಟಿನ ವಿಷಯ ಮೊದಲು ಹೇಳಿಬಿಡುತ್ತೇನೆ.

ನಮ್ಮತ್ತೆ ಮತ್ತು ಅವರ ತಂಗಿ, ಎಂದರೆ ನನಗೆ ಚಿಕ್ಕತ್ತೆ, ಹುಡುಗಿಯರಾಗಿದ್ದಾಗ ಸರ್ಕಸ್ಸಿನಲ್ಲಿದ್ದವರು. ಅತ್ತೆ ಸೈಕಲ್ ತುಳಿಯುವವರು, ಚಿಕ್ಕತ್ತೆ ಅವರ ಹೆಗಲ ಮೇಲೆ ನಿಲ್ಲುವವರು. ಆ ಸೈಕಲ್ಲಿಗೆ ಹ್ಯಾಂಡಲ್ ಇರಲಿಲ್ಲ, ಬ್ರೇಕಂತೂ ಕೇಳಲೇಬೇಡಿ. ಅಂಗಡಿಗಳ ಕಿಟಕಿಯಲ್ಲಿ ನಿಲ್ಲಿಸಲೆಂದು ಕಂಪನಿಯವರು ಈ ಅಕ್ಕತಂಗಿಯರದ್ದೇ ದೊಡ್ಡ ಪೋಸ್ಟರು ಮಾಡಿಸಿದ್ದರು. ಅಷ್ಟು ಎತ್ತರದ ರಟ್ಟು ಛಾಪಾಖಾನೆಯ ಯಂತ್ರಕ್ಕೆ ಹಿಡಿಸುತ್ತಿರಲಿಲ್ಲವಂತೆ. ಹಾಗಾಗಿ ಎರಡು ತುಂಡು ಮಾಡಿ, ಒಂದರ ಮೇಲೊಂದು ಜೋಡಿಸಿ ನಿಲ್ಲಿಸಿ ಎಂದು ಕೊಟ್ಟರು. ತುಂಡು ಮಾಡಿದವನು ಎಲ್ಲಿ ಮಾಡಿದ ಅಂತೀರಿ? ಸರಿಯಾಗಿ ಚಿಕ್ಕತ್ತೆಯ ಪಾದದ ಗಂಟಿನ ಮೇಲೆ. ಕೆಳಗಿನ ತುಂಡಿನಲ್ಲಿ ಸೈಕಲ್ಲು, ಕೈ ಚಾಚಿಕೊಂಡು ನಗುವ ನಮ್ಮತ್ತೆ, ಅವರ ಹೆಗಲ ಮೇಲೆ ಎರಡು ಪಾದ, ಅಷ್ಟೇ. ಮೇಲಿನ ತುಂಡಿನಲ್ಲಿ ಕೆಂಪು ಕೊಡೆ ಹಿಡಿದ ಚಿಕ್ಕತ್ತೆ, ಪಾದ ಒಂದು ಬಿಟ್ಟು.

ಸರ್ಕಸ್ಸು ಮುಚ್ಚಿದಾಗ ಅವರವರ ಮುಖ ಅವರವರಿಗೆ ಎಂದು ಹಂಚಿಕೊಂಡರು. ಆಮೇಲೆ ಎರಡು ಮದುವೆ, ಎರಡು ಊರು. ನಮ್ಮ ನಡುಮನೆಗೆ ಬಂದವರೆಲ್ಲ ಆ ಪಾದ ಯಾರದು ಎಂದು ಕೇಳುವುದು, ಅತ್ತೆ ಆವತ್ತಿನ ಮನಸ್ಸಿಗೆ ಬಂದ ಹಾಗೆ ಉತ್ತರ ಕೊಡುವುದು. "ನಮ್ಮ ಮೇಲ್ಮನೆ ಬಾಡಿಗೆಯವಳದು. ಬಾಡಿಗೆನೂ ಕೊಡಲ್ಲ, ಇಳಿಯೋದೂ ಇಲ್ಲ." ಅಲ್ಲಿ ಚಿಕ್ಕತ್ತೆಯ ಮನೆಯಲ್ಲಿ ಕತೆ ಉಲ್ಟಾ. ಪಾದವಿಲ್ಲದೆ ಗಾಳಿಯಲ್ಲಿ ನಿಂತ ಹುಡುಗಿಯನ್ನು ಕಂಡು ಮೊಮ್ಮಕ್ಕಳು ಆ ಕೋಣೆಗೆ ಒಬ್ಬೊಬ್ಬರೇ ಹೋಗುತ್ತಿರಲಿಲ್ಲವಂತೆ.

ಇನ್ನೊಂದು ವಿಷಯವಿದೆ. ಚಿತ್ರ ಬರೆಯುವವನು ಬಂದ ದಿನ ಚಿಕ್ಕತ್ತೆಯ ಬಲಗಾಲಿನ ಹೆಬ್ಬೆರಳ ಮೇಲೆ ಡೇರೆಯ ಗೂಟ ಬಿದ್ದು ಜಜ್ಜಿಹೋಗಿತ್ತಂತೆ. ಬಟ್ಟೆ ಕಟ್ಟಿಕೊಂಡೇ ಹೆಗಲು ಹತ್ತಿದೆ, ಸಂಜೆ ಆಟವನ್ನೂ ಆಡಿದೆ ಎಂದು ಚಿಕ್ಕತ್ತೆ ಹೇಳುವುದು. ಅವರ ಮನೆಯಲ್ಲಿ ಇದನ್ನು ಒಬ್ಬರೂ ನಂಬಿದ್ದಿಲ್ಲ. ಅಜ್ಜಿ ಸುಳ್ಳು ಶುರುಮಾಡಿದ್ದು ಹೆಬ್ಬೆರಳಿನಿಂದ ಎಂದು ತಮಾಷೆ. ಆದರೆ ಸಾಕ್ಷಿ ನಮ್ಮ ಮನೆಯಲ್ಲಿತ್ತು. ಬಲಪಾದದ ಹೆಬ್ಬೆರಳಿಗೆ ಬಿಳಿ ಬಟ್ಟೆಯ ಪಟ್ಟಿ, ಗಂಟಿನ ತುದಿ ಸಹ ಕಾಣುವ ಹಾಗೆ ಬರೆದಿದ್ದ ಪುಣ್ಯಾತ್ಮ.

ಈಗ ಚಿಕ್ಕತ್ತೆಯ ಕಣ್ಣು ಮಂಜಾಗುತ್ತ ಬಂದಿದೆ. ಇನ್ನು ಹೆಚ್ಚೇನೂ ಮಾಡಲಾಗದು ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಮೊಬೈಲಿನಲ್ಲಿ ಫೋಟೋ ತೋರಿಸಿದರೆ ಅವರಿಗೆ ಬರೀ ಬಣ್ಣದ ಹೊಗೆ. ಮೂಗಿನ ಹತ್ತಿರ ಹಿಡಿದರೆ ಮಾತ್ರ ಕಾಣುತ್ತದೆ, ಅದೂ ಇನ್ನೆಷ್ಟು ದಿನವೋ. ನನ್ನ ಪಾದ ಒಂದು ಸಲ ನೋಡಬೇಕು ಎಂದು ಅವರು ಹಟ ಹಿಡಿದರು. ಅವರ ಮಗಳು, ಎಂದರೆ ನನ್ನ ನಾದಿನಿ, ಫೋಟೋ ಸ್ಟುಡಿಯೋ ಇಟ್ಟಿದ್ದಾಳೆ. ದೊಡ್ಡಮ್ಮ, ಕಳಿಸಿಕೊಡಿ, ಎರಡೂ ಜೋಡಿಸಿ ದೊಡ್ಡ ಫೋಟೋ ತೆಗೆದು ಇಬ್ಬರಿಗೂ ಒಂದೊಂದು ಕೊಡುತ್ತೇನೆ, ನಿಮ್ಮದು ನಿಮಗೆ ವಾಪಸ್ಸು ಎಂದಳು. ಅತ್ತೆಯ ಮಂಡಿ ಬಸ್ಸು ಹತ್ತುವ ಹಾಗಿಲ್ಲ. ನಮ್ಮವರು ತಾವೇ ಹೊತ್ತು ಹೋಗೋಣವೆಂದರೆ ಪೋಸ್ಟರು ಬಸ್ಸಿನ ಬಾಗಿಲಲ್ಲಿ ನುಗ್ಗುವುದಿಲ್ಲ, ಮೇಲೆ ಕಟ್ಟಿದರೆ ಗಾಳಿಪಟ.

ಅತ್ತೆ ಬಹಳ ದಿನ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವರ ಆ ಬದುಕಿನದ್ದು ಅಂತ ಉಳಿದಿರುವುದು ಅದೊಂದೇ ತಾನೇ. ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಹೇಳಿದರು:

"ಕಳಿಸೋಣ. ಆದ್ರೆ ಇಲ್ಲಿಂದ ಹೋದ ಹಾಗೇ ಅಲ್ಲಿಗೆ ತಲುಪಬೇಕು. ಅವಳ ಕಣ್ಣಿಗೆ ಕಾಣೋದು ಇದೊಂದೇ ಸಲ. ಅದ್ರಲ್ಲಿ ಬಿರುಕು ಕಾಣಬಾರದು."

ನಮ್ಮದು ಗಾಜಿನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಕಿಟಕಿ ಗಾಜು, ಕನ್ನಡಿ, ಚೌಕಟ್ಟು. ಒಡೆಯುವ ವಸ್ತುವನ್ನೇ ಜೀವನಪೂರ್ತಿ ಕಟ್ಟಿ ಕಳಿಸಿದವರಿಗೆ ರಟ್ಟು ಯಾವ ಲೆಕ್ಕ ಎಂದು ನೀವು ಅಂದುಕೊಳ್ಳಬಹುದು. ನಮ್ಮವರು ಹಾಗೆ ಅಂದುಕೊಳ್ಳಲಿಲ್ಲ. ಒಂದು ಭಾನುವಾರ ಅಂಗಡಿಯ ಬಾಗಿಲು ಹಾಕಿ, ಗಾಜು ಕೊಯ್ಯುವ ಮೇಜನ್ನು ಎರಡು ಸಲ ಒರೆಸಿದರು. ಮೇಜಿನ ಕಂಬಳಿಯಲ್ಲಿ ಗಾಜಿನ ಚೂರು ಸಿಕ್ಕಿಕೊಂಡಿದ್ದರೆ ಎಂದು ಅದನ್ನು ತೆಗೆದು ಹೊಸ ಬಟ್ಟೆ ಹಾಸಿದರು. ನಾನು ಅಡುಗೆಮನೆಯಿಂದ ಬಂದು ಮೂಲೆ ಹಿಡಿಯಲು ಕೈ ಚಾಚಿದರೆ, ಸೋಪು ಹಾಕಿ ತೊಳೆದುಕೊಂಡು ಬಾ ಎಂದು ವಾಪಸ್ಸು ಅಟ್ಟಿದರು. ತೊಳೆದು ಬಂದೆ. ಒರೆಸಿಕೊಂಡೆಯಾ ಎಂದರು. ಮದುವೆಯಾದ ದಿನದಿಂದ ನನ್ನ ಕೈಯನ್ನು ಇಷ್ಟು ವಿಚಾರಿಸಿಕೊಂಡಿದ್ದು ಅದೇ ಮೊದಲು ಎಂದು ನಾನೂ ಬಿಡದೆ ಅಂದೆ. ಅತ್ತೆ ಸ್ಟೂಲಿನ ಮೇಲೆ ಕೂತು ಕೋಲಿನ ತುದಿಯಿಂದಲೇ ಮೇಲ್ವಿಚಾರಣೆ.

ಮೊದಲು ಚಿತ್ರದ ಮೇಲೆ ನುಣುಪಾದ ತೆಳು ಕಾಗದ. ಅದರ ಸಮೇತ ಪ್ಲಾಸ್ಟಿಕ್ ಹಾಳೆಯ ಲಕೋಟೆ, ಎಲ್ಲಾದರೂ ನೀರು ಬಿದ್ದರೆ ಎಂದು. ಲಕೋಟೆಗೆ ಟೇಪು ಹಾಕುವಾಗಲೂ ಟೇಪಿನ ಒಂದೆಳೆ ರಟ್ಟಿಗೆ ತಾಗಬಾರದು. ಆಮೇಲೆ ಪೆಟ್ಟಿಗೆ ರಟ್ಟಿನ ದೊಡ್ಡ ಹಲಗೆ. ಪೋಸ್ಟರಿಗಿಂತ ಎಲ್ಲ ಕಡೆಯೂ ಅಂಗೈಯಗಲ ಹೆಚ್ಚು. ಏಕೆ ಎಂದು ಅತ್ತೆ ಕೇಳಿದರು. ಯಾರಾದರೂ ಮೂಲೆ ಕುಟ್ಟಿದರೆ ಪೆಟ್ಟು ಬರೀ ಜಾಗಕ್ಕೆ ಬೀಳಬೇಕು, ನಿನಗೆ ಬೀಳಬಾರದು ಎಂದರು ಮಗ. ಅತ್ತೆಗೆ ಅದು ಸರಿಬಂತು. ಕಾಗದ ಮಡಚಿ ನಾಲ್ಕು ಪುಟ್ಟ ಟೋಪಿ ಮಾಡಿ, ಪೋಸ್ಟರಿನ ನಾಲ್ಕು ಮೂಲೆಗೆ ತೊಡಿಸಿ, ಆ ಟೋಪಿಗಳನ್ನು ಮಾತ್ರ ಹಲಗೆಗೆ ಅಂಟಿಸಿದರು. ಪೋಸ್ಟರು ಜಾರುವುದೂ ಇಲ್ಲ, ಅಂಟು ಸೋಕುವುದೂ ಇಲ್ಲ. ಮೇಲೆ ಮುಚ್ಚಿದ ಹಲಗೆಯ ಒಳಪದರದ ಸುಕ್ಕುಗೆರೆಗಳು ಕೆಳಗಿನದ್ದಕ್ಕೆ ಅಡ್ಡಡ್ಡ. ಎರಡರದೂ ಒಂದೇ ಕಡೆಗೆ ಇದ್ದರೆ ಎರಡೂ ಒಟ್ಟಿಗೆ ಬಾಗುತ್ತವಂತೆ. ಕೊನೆಗೆ ಆಚೆಗೊಂದು ಈಚೆಗೊಂದು ತೆಳು ಪ್ಲೈವುಡ್ಡು, ಸುತ್ತಲೂ ಟೇಪು. ಬಿಚ್ಚುವವರು ಚಾಕು ಹಾಕದಿರಲಿ ಎಂದು ಟೇಪಿನ ತುದಿಯನ್ನು ಮಡಚಿ ಒಂದು ಬಾಲ ಬಿಟ್ಟರು.

ಅತ್ತೆಗೆ ಅಷ್ಟಕ್ಕೆ ಸಮಾಧಾನವಿಲ್ಲ. ಸರ್ಕಸ್ಸಿನವರು ಯಾವುದನ್ನೂ ಭಾರ ಹಾಕಿ ನೋಡದೆ ನಂಬುವುದಿಲ್ಲ. ಎರಡು ಸ್ಟೂಲುಗಳ ಮೇಲೆ ಪ್ಯಾಕನ್ನು ಸೇತುವೆಯ ಹಾಗೆ ಇಡಿಸಿ, ನಡುವೆ ಮೊಣಕೈ ಊರಿ ಮೈಭಾರ ಬಿಟ್ಟರು. ನಮ್ಮವರು ಬಗ್ಗಿ ಅಡಿಯಿಂದ ನೋಡಿದರು. ಪ್ಯಾಕು ಬಾಗಲಿಲ್ಲ. ಅತ್ತೆ ಎದ್ದು, ಇನ್ನು ಬರೆ ಎಂದರು. ನಮ್ಮವರು ಕುಂಚ ಅದ್ದಿ ಮೇಲುಮುಖದ ಬಾಣ ಹಾಕಿದರು, ಮಡಚಬೇಡಿ ಎಂದು ಬರೆದರು, ಇನ್ನೇನೇನೋ ಬರೆದರು. ನಾನು ಬಣ್ಣದ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.

ಸೋಮವಾರ ಆಫೀಸಿನವನು ನಮ್ಮನ್ನು ಕಂಡು, ಓ ಬಾಗಿಲು ಬಂತು ಎಂದ. ಜನ ಮುತ್ತಿಕೊಂಡಿದ್ದರು. ಸರಕಿನ ಜಾಗದಲ್ಲಿ ಪೋಸ್ಟರು ಎಂದು ಬರೆದು ಚೀಟಿ ಹರಿದು ಕೊಟ್ಟ. ವಿಳಾಸದ ಕಾಗದವನ್ನು ಪ್ಯಾಕಿನ ಒಂದು ಮಗ್ಗುಲಿಗೆ ಅಂಟಿಸಿ ಹಿಂದಕ್ಕೆ ಸಾಗಿಸಿದ.

ಬುಧವಾರ ತಲುಪಬೇಕಿತ್ತು. ತಲುಪಲಿಲ್ಲ. ಶುಕ್ರವಾರವೂ ಇಲ್ಲ. ನಾದಿನಿ ಫೋನು ಮಾಡಿ ಕೇಳಿದರೆ, ಬಂದಿಲ್ಲ, ಬಂದರೆ ಮನೆಗೇ ಕಳಿಸುತ್ತೇವೆ ಎಂದರಂತೆ. ಇಲ್ಲಿನವನನ್ನು ಕೇಳಿದರೆ ಇಲ್ಲಿಂದ ಹೋಗಿದೆ ಎನ್ನುತ್ತಾನೆ. ನಮ್ಮ ನಡುಮನೆಯ ಗೋಡೆಯ ಮೇಲೆ ಪೋಸ್ಟರು ಇದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಅತ್ತೆ ತಮ್ಮ ಕುರ್ಚಿಯನ್ನು ಆ ಗೋಡೆಗೆ ಬೆನ್ನಾಗುವ ಹಾಗೆ ತಿರುಗಿಸಿಕೊಂಡರು. ಯಾರನ್ನೂ ಬೈಯಲಿಲ್ಲ. ಅದನ್ನು ಕಂಡು ನಮ್ಮವರು ಒಂದೇ ಬೆಳಿಗ್ಗೆ ಎರಡು ಕನ್ನಡಿ ತಪ್ಪು ಅಳತೆಗೆ ಕೊಯ್ದರು.

ಶನಿವಾರ ನಾದಿನಿ ಸ್ಟುಡಿಯೋ ಮುಚ್ಚಿ ತಾನೇ ಅಲ್ಲಿಯ ಗೋದಾಮಿಗೆ ಹೋದಳು. ಪೋಸ್ಟರು ಎಂದ ಕೂಡಲೇ ಕೊಳವೆಗಳ ರಾಶಿ ತೋರಿಸಿದರಂತೆ. ಕೊಳವೆಯಲ್ಲ, ಚಪ್ಪಟೆ ಎಂದರೆ ಇನ್ನೊಂದು ಮೂಲೆ ತೋರಿಸಿದರು. ಅಲ್ಲಿ ಚಪ್ಪಟೆ ಪ್ಯಾಕುಗಳ ಅಟ್ಟಿ, ಅಟ್ಟಿಯ ಮೇಲೆ ಯಾರದೋ ನೀರೆತ್ತುವ ಪಂಪು. ಸೂರು ಸೋರಿ ಕೆಳಗಿನದ್ದೆಲ್ಲ ಒದ್ದೆ. ಒಂದು ಪ್ಯಾಕಂತೂ ನಡುವೆ ಮಡಚಿ ಪುಸ್ತಕದ ಹಾಗಾಗಿತ್ತು. "ಅತ್ತಿಗೆ, ಅದನ್ನ ಎಳೆದು ವಿಳಾಸ ಎರಡೆರಡು ಸಲ ಓದಿದೆ. ನಮ್ಮದಲ್ಲ. ಆದ್ರೆ ನಮ್ಮದು ಅಲ್ಲಿ ಇಲ್ವೇ ಇಲ್ಲ" ಎಂದಳು. ಇದನ್ನು ನಾನು ಅತ್ತೆಗೆ ಪೂರ್ತಿ ಹೇಳಲಿಲ್ಲ. ಹುಡುಕುತ್ತಿದ್ದಾರೆ ಎಂದಷ್ಟೇ ಹೇಳಿದೆ. ಅತ್ತೆ ಊಟದ ತಟ್ಟೆಯನ್ನು ಅರ್ಧಕ್ಕೆ ಸರಿಸಿ, ತಂಗಿಗೆ ಆಸೆ ಹುಟ್ಟಿಸಬಾರದಿತ್ತು ಎಂದರು. ತಮ್ಮ ಪೋಸ್ಟರಿನ ಮಾತೇ ಎತ್ತಲಿಲ್ಲ.

ಸೋಮವಾರ ಮಧ್ಯಾಹ್ನ ಅಂಗಡಿಗೆ ಒಬ್ಬ ಹೆಂಗಸು ಬಂದರು. ಹೊಸಬರು, ಕನ್ನಡಿಗೆ ಚೌಕಟ್ಟು ಹಾಕಿಸಲು ಬಂದು ಬೆಂಚಿನ ಮೇಲೆ ಕಾಯುತ್ತಿದ್ದರು. ನಾನು ಈರುಳ್ಳಿ ಒಣಗಿಸಲೆಂದು ಪೆಟ್ಟಿಗೆ ಎತ್ತಿಕೊಂಡು ಅಂಗಡಿಯ ಮೂಲಕ ಹೊರಗೆ ಹೊರಟೆ. ಅವರು ಗಡಿಬಿಡಿಯಿಂದ ಕಾಲು ಮೇಲೆಳೆದುಕೊಂಡರು.

"ನಿಧಾನ ಕಣಮ್ಮ, ಗಾಜಿದೆ."

"ಗಾಜಲ್ಲಮ್ಮ, ಈರುಳ್ಳಿ."

"ಮೇಲೆ ಗಾಜು ಅಂತ ಬರೆದಿದೆಯಲ್ಲ?"

ನೋಡಿದೆ. ಬರೆದಿತ್ತು, ಕೆಂಪು ಬಣ್ಣದಲ್ಲಿ, ಅಂಗೈಯಗಲದ ಅಕ್ಷರ. ನಮ್ಮ ಮನೆಯಲ್ಲಿ ಯಾವುದರ ಮೇಲೆ ಬರೆದಿಲ್ಲ? ಕಂಬಳಿ ತುಂಬಿದ ಪೆಟ್ಟಿಗೆಯ ಮೇಲೆ ಬರೆದಿದೆ, ಹಳೆಯ ಚಪ್ಪಲಿಯ ಪೆಟ್ಟಿಗೆಯ ಮೇಲೆ ಬರೆದಿದೆ. ಎಲ್ಲ ಅಂಗಡಿಯ ಹಳೆಯ ಪೆಟ್ಟಿಗೆಗಳೇ. ನೋಡಿ ನೋಡಿ ಆ ಅಕ್ಷರ ನಮ್ಮ ಕಣ್ಣಿಗೆ ಗೋಡೆಯ ಸುಣ್ಣದ ಹಾಗೆ ಆಗಿಹೋಗಿದೆ, ಅದನ್ನು ಯಾರೂ ಓದುವುದಿಲ್ಲ. ಈರುಳ್ಳಿಯನ್ನು ಅಲ್ಲೇ ಇಟ್ಟು ಒಳಗೆ ಹೋದೆ.

"ಪೋಸ್ಟರಿನ ಪ್ಯಾಕಿನ ಮೇಲೆ ಏನಂತ ಬರೆದ್ರಿ?"

"ಏನಂತ ಬರೀತೀನಿ. ಯಾವಾಗ್ಲೂ ಬರೆಯೋದೇ, ಮಡಚಬೇಡಿ, ಬಾಣ, ಆಮೇಲೆ..."

ಅಷ್ಟಕ್ಕೆ ನಿಲ್ಲಿಸಿದರು. ಕೈಯಲ್ಲಿದ್ದ ಗಾಜು ಕೊಯ್ಯುವ ಕಟರನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು. ಆ ಕೈ ಕುಂಚ ಹಿಡಿದರೆ ಸಾಕು, ತಲೆಯನ್ನು ಕೇಳದೆಯೇ ಅದೊಂದು ಪದ ಬರೆದುಬಿಡುತ್ತದೆ. ಮುಂದಕ್ಕೂ ಬರೆದಿದ್ದರು, ಹಿಂದಕ್ಕೂ ಬರೆದಿದ್ದರು. ಬಣ್ಣದ ಡಬ್ಬಿ ಹಿಡಿದ ನಾನಾಗಲಿ, ಕೋಲು ಹಿಡಿದ ಅತ್ತೆಯಾಗಲಿ ನೋಡಿಯೂ ನೋಡಿರಲಿಲ್ಲ.

ಪಾರ್ಸೆಲ್ಲಿನವರ ರೀತಿ ನಮ್ಮವರಿಗೆ ಗೊತ್ತು. ಬೇರೆ ಸಾಮಾನು ಮನೆಮನೆಗೆ ಹೋಗುತ್ತದೆ, ಗಾಜು ಹೋಗುವುದಿಲ್ಲ. ಅದಕ್ಕೆ ಗೋದಾಮಿನ ಹಿಂದೆ ಬೇರೆ ಕೊಟ್ಟಿಗೆ, ಚೀಟಿ ತೋರಿಸಿ ವಾರಸುದಾರರೇ ಒಯ್ಯಬೇಕು. ಚೀಟಿಯಲ್ಲಿ ಪೋಸ್ಟರು ಎಂದಿದೆ, ಪ್ಯಾಕಿನಲ್ಲಿ ಗಾಜು ಎಂದಿದೆ. ಪೋಸ್ಟರು ಹುಡುಕುವವರು ಗಾಜಿನ ಕಡೆಗೆ ಹೋಗುವುದಿಲ್ಲ, ಗಾಜಿನವನು ಗಾಜಿನ ಚೀಟಿ ಬರಲಿ ಎಂದು ಕಾಯುತ್ತಾನೆ. ನಾದಿನಿಗೆ ಫೋನು ಹಚ್ಚಿದೆವು. ಮೇಲ್ವಿಳಾಸವೂ ಕಾಣದಿರಬಹುದು, ಗಾಜನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿರುತ್ತಾರೆ, ಒಂದೊಂದೇ ಸರಿಸಿ ನೋಡು ಎಂದು ನಮ್ಮವರು ಕೂಗಿ ಹೇಳಿದರು, ಫೋನಿಲ್ಲದೆಯೇ ಅವಳಿಗೆ ಕೇಳಿಸುವ ಹಾಗೆ.

ಆಮೇಲೆ ನಾವು ಮೂವರೂ ಅಂಗಡಿಯಲ್ಲೇ ಕೂತೆವು. ಕನ್ನಡಿಯ ಹೆಂಗಸು ಏನಾಯಿತು ಎಂದು ಕೇಳಿದರು, ಕೇಳಿ ತಾವೂ ಹೋಗದೆ ಕೂತರು. ನಾನು ಚಹಾ ಮಾಡಿ ತಂದೆ. ಯಾರೂ ಕುಡಿಯಲಿಲ್ಲ, ಅವರೊಬ್ಬರು ಕುಡಿದರು.

ಫೋನು ಬಂದಾಗ ನಾದಿನಿ ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಮೊದಲು ತಿಳಿಯಲಿಲ್ಲ. ನಗುತ್ತಿದ್ದಳು. ಗಾಜಿನ ಕೊಟ್ಟಿಗೆಯ ಮುದುಕ, ಬಾಗಿಲಲ್ಲಿ ಇವಳನ್ನು ಕಂಡ ಕೂಡಲೇ, ಈ ಗಾಜು ನಿಮ್ಮದೇನಮ್ಮ, ಅನಾಥವಾಗಿ ನಿಂತಿದೆ ಎಂದು ತಾನೇ ತೋರಿಸಿದನಂತೆ. ಮರದ ಚೌಕಟ್ಟಿನಲ್ಲಿ, ಹುಲ್ಲಿನ ಮೇಲೆ, ನೆಟ್ಟಗೆ ನಿಂತಿತ್ತು. ಗೋಡೆ ಸ್ವಲ್ಪ ಒದ್ದೆ ಎಂದು ಆತ ಮಧ್ಯೆ ಒಮ್ಮೆ ಜಾಗವನ್ನೂ ಬದಲಾಯಿಸಿದ್ದ. ಇದರ ಮೇಲೇನಾದರೂ ಇಟ್ಟಿದ್ದರಾ ಎಂದು ಇವಳು ಕೇಳಿದ್ದಕ್ಕೆ ಅವನಿಗೆ ಸಿಟ್ಟೇ ಬಂತಂತೆ. ಗಾಜಿನ ಮೇಲೆ ಯಾವನಾದರೂ ಏನಾದರೂ ಇಡುತ್ತಾನೆಯೇ ಎಂದನಂತೆ.

ಮನೆಗೆ ಒಯ್ದು, ಬಾಲ ಹಿಡಿದು ಟೇಪು ಎಳೆದು, ಬಿಚ್ಚಿ ನೋಡಿ ಆಮೇಲೆ ಇನ್ನೊಮ್ಮೆ ಫೋನು ಮಾಡಿದಳು. ಈ ಸಲ ಅತ್ತೆ ಕೈ ಚಾಚಿ ತಾವೇ ತೆಗೆದುಕೊಂಡರು.

"ಮೂಲೆ?"

ನಾಲ್ಕೂ ಸರಿಯಾಗಿವೆ ಎಂದಳು.

"ಬಿರುಕು?"

ಒಂದೆಳೆಯೂ ಇಲ್ಲ ಎಂದಳು.

ಅತ್ತೆ ಫೋನನ್ನು ಮಡಿಲಲ್ಲಿಟ್ಟುಕೊಂಡು, ನಮ್ಮವರ ಕಡೆ ತಿರುಗಿ ಬೈಯಲು ಶುರುಮಾಡಿದರು. ಗಾಜಂತೆ ಗಾಜು, ಹೆತ್ತ ತಾಯಿಯ ಮೇಲೆ ಗಾಜು ಅಂತ ಬರೆಯುವ ಮಗ ಬೇರೆ ಎಲ್ಲಾದರೂ ಸಿಗುತ್ತಾನೆಯೇ ಎಂದರು. ಅವರು ತಲೆ ತಗ್ಗಿಸಿ ನಗುತ್ತ ಬೈಸಿಕೊಂಡರು. ನನಗಂತೂ ಕಿವಿಗೆ ಸಂಗೀತ ಬಿದ್ದ ಹಾಗಾಯಿತು. ಬೈದು ಮುಗಿಸಿ ಅತ್ತೆ ಹಸಿವಾಗುತ್ತಿದೆ ಎಂದರು. ನಾನು ತಟ್ಟೆ ಹಾಕಲು ಒಳಗೆ ಓಡಿದೆ.

ಸಂಜೆ ಚಿಕ್ಕತ್ತೆಯೇ ಮಾತಾಡಿದರು. ಪೋಸ್ಟರನ್ನು ಮೇಜಿನ ಮೇಲೆ ಮಲಗಿಸಿಕೊಂಡು, ಮೂಗು ತಾಗುವಷ್ಟು ಬಗ್ಗಿ, ಒಂದೊಂದು ಬೆರಳನ್ನೂ ನೋಡಿದರಂತೆ. ಮೊಮ್ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೆಬ್ಬೆರಳಿನ ಬಟ್ಟೆ ತೋರಿಸಿದರಂತೆ. ಗಂಟನ್ನೂ ಬರೆದಿದ್ದಾನಲ್ಲೇ ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು. ಅತ್ತೆ ಹೂಂಗುಟ್ಟುತ್ತ ಕೇಳಿದರು. ಅವರ ಕೈ ತನ್ನಷ್ಟಕ್ಕೆ ಬಲ ಹೆಗಲನ್ನು ನೀವುತ್ತಿತ್ತು.

"ಅಕ್ಕಾ, ಫೋಟೋ ಅವಳು ತೆಗೀಲಿ. ಆದ್ರೆ ಇವೆರಡನ್ನ ಇನ್ನು ಬೇರೆ ಬೇರೆ ಮಾಡೋದು ಬೇಡ ಕಣೇ. ಒಂದು ವರ್ಷ ನಿನ್ನ ಹತ್ರ ಇರಲಿ, ಒಂದು ವರ್ಷ ನನ್ನ ಹತ್ರ."

"ನಿನಗೆ ನೋಡಬೇಕು ಅಂದ್ರೆ? ಕಣ್ಣು..."

"ನೋಡಿದೆನಲ್ಲ. ಇನ್ನು ಮುಟ್ಟಿದ್ರೂ ಕಾಣುತ್ತೆ. ಮೊದಲು ನಿನ್ನ ಹತ್ರ ಕಳಿಸ್ತೀನಿ, ನೀನು ನನ್ನ ಮುಖ ನೋಡ್ಕೋ."

"ಮತ್ತೆ ಆ ಪಾರ್ಸೆಲ್ಲಿನವರ ಕೈಗೆ ಕೊಡ್ತೀಯಾ?"

"ಗಾಜು ಅಂತ ಬರೀತೀನಿ ಬಿಡು."

ತಿಂಗಳು ಕಳೆದ ಮೇಲೆ ನಮ್ಮವರು ಕಿಟಕಿ ಗಾಜು ತರಲು ಹೋದವರು, ನಮ್ಮೂರಿನ ಗಾಜಿನ ಕೊಟ್ಟಿಗೆಯಿಂದಲೇ ಚಿಕ್ಕತ್ತೆ ಕಳಿಸಿದ್ದನ್ನೂ ತಂದರು. ಮೊದಲಿನದ್ದಕ್ಕಿಂತ ದಪ್ಪ ಪ್ಯಾಕು. ಮೇಲೆ ಕೆಂಪು ಬಣ್ಣದಲ್ಲಿ ಸಣ್ಣದೊಂದು, ದೊಡ್ಡದೊಂದು, ಸೊಟ್ಟಗಿನ ಅಕ್ಷರ: ಗಾಜು. ಚಿಕ್ಕತ್ತೆಯದೇ ಕೈ. ಬಾಲ ಹಿಡಿದು ಎಳೆದು ಬಿಚ್ಚಿದೆವು. ಅತ್ತೆಯ ಪೋಸ್ಟರನ್ನು ಹಳೆಯ ಮೊಳೆಗೆ ಏರಿಸಿ, ಅದರ ಮೇಲೆ ಚಿಕ್ಕತ್ತೆಯದನ್ನು ಹಿಡಿದರೆ ಕೆಂಪು ಕೊಡೆ ಸೂರಿಗೆ ಬಡಿಯಿತು. ನಮ್ಮವರು ಮೊಳೆಯನ್ನೇ ಕಿತ್ತರು. ಗೋಡೆಯ ಬುಡವನ್ನು ಒರೆಸಿ, ಮೇಜಿನ ಕಂಬಳಿಯ ಒಂದು ಪಟ್ಟಿ ಹಾಸಿ, ಅತ್ತೆಯ ಪೋಸ್ಟರನ್ನು ಕೆಳಗಿಳಿಸಿದರು. ಇಷ್ಟು ವರ್ಷ ಗೋಡೆಯ ನಡುವೆ ತೂಗುತ್ತಿದ್ದ ಸೈಕಲ್ಲಿನ ಎರಡೂ ಚಕ್ರ ನೆಲ ಮುಟ್ಟಿದವು.